ಫಾಲ್ಟ್ ಬುಕ್ಕಿನ ಮೆಕ್ಯಾನಿಕರು

ಬ್ಯಾಟರಿಯಿಂದ ಬರುವ ಎರಡು ತಂತಿಗಳ ತುದಿಯನ್ನು ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಉಪ್ಪಿನಕಾಯಿಯ ರುಚಿ ನೋಡುವವರ ಹಾಗೆ ಮೆಕ್ಯಾನಿಕರು ಒಂದು ಕ್ಷಣ ನಿಲ್ಲುತ್ತಿದ್ದರು. ಆಮೇಲೆ ತುಟಿ ಒರೆಸಿಕೊಂಡು, "ಹುಳಿ ಸಾಲದು" ಎನ್ನುತ್ತಿದ್ದರು. ಹಾಗೆಂದರೆ ಆ ಸೆಲ್ಲಿನ ಆಯುಷ್ಯ ಮುಗಿಯಿತು, ಬದಲಾಯಿಸಬೇಕು ಎಂದು ಅರ್ಥ. ಮೀಟರು ಇರಲಿಲ್ಲವೆಂದಲ್ಲ. ಗಾಜಿನ ಕಪಾಟಿನೊಳಗೆ ಬಟ್ಟೆ ಸುತ್ತಿ ಇಟ್ಟ ಒಂದು ಮೀಟರು ಇತ್ತು. ನಾಲಿಗೆ ಹೇಳಿದ್ದನ್ನು ಅವರು ಮತ್ತೆ ಅದರಲ್ಲಿ ನೋಡಿ, ಮೀಟರು ಹೇಳಿದ್ದನ್ನೇ ಪುಸ್ತಕದಲ್ಲಿ ಬರೆಯುತ್ತಿದ್ದರು.

"ನಾಲಿಗೆ ನನ್ನದು. ಪುಸ್ತಕ ಸರಕಾರದ್ದು," ಎಂದು ಒಮ್ಮೆ ನನಗೆ ಹೇಳಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪುತ್ತೂರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ. ಎಸ್‌ಎಸ್‌ಎಲ್‌ಸಿ ಮುಗಿದಿತ್ತು, ತಂದೆ ತೀರಿಕೊಂಡಿದ್ದರು, ಇಬ್ಬರು ತಮ್ಮಂದಿರು ಶಾಲೆಗೆ ಹೋಗುತ್ತಿದ್ದರು. ಹಂಚಿನ ಮಾಡಿನ ಒಂದು ಕೋಣೆ, ಅದರಲ್ಲಿ ನನ್ನ ಎತ್ತರದ ಒಂದು ಮರದ ಬೋರ್ಡು. ಊರಿನ ಒಂದೊಂದು ಫೋನಿಗೂ ಬೋರ್ಡಿನಲ್ಲಿ ಒಂದೊಂದು ತೂತು, ತೂತಿನ ಮೇಲೆ ಉಗುರಿನಷ್ಟು ದೊಡ್ಡ ಹಿತ್ತಾಳೆಯ ಮುಚ್ಚಳ. ಅಡಿಕೆ ಮಂಡಿಯವರೋ ಡಾಕ್ಟರೋ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ಬಿದ್ದ ಕೂಡಲೇ ಗೋಡೆಯ ಗಂಟೆ ಬಡಿಯುತ್ತಿತ್ತು. ನಾನು ಹಗ್ಗದಂಥ ತಂತಿಯನ್ನು ತೂತಿಗೆ ಸಿಕ್ಕಿಸಿ, "ಹಲೋ, ಯಾರು ಬೇಕು?" ಎಂದು ಕೇಳಿ, ಅವರಿಗೆ ಬೇಕಾದವರ ತೂತಿಗೆ ಇನ್ನೊಂದು ತುದಿ ಸಿಕ್ಕಿಸಬೇಕು. ಮಾತು ಮುಗಿದ ಮೇಲೆ ಮುಚ್ಚಳವನ್ನು ಬೆರಳಿನಿಂದ ಎತ್ತಿ ಕೂಡಿಸಬೇಕು. ಕೆಲಸವೆಂದರೆ ಇಷ್ಟೇ.

ಈ ಬೋರ್ಡು, ಅದರ ಹಿಂದಿನ ಬ್ಯಾಟರಿಗಳು, ಸುಳ್ಯದ ಕಡೆಗೂ ಮಂಗಳೂರಿನ ಕಡೆಗೂ ಹೋಗುವ ಲೈನುಗಳು, ಇವೆಲ್ಲವನ್ನೂ ನೋಡಿಕೊಳ್ಳುವುದು ಮೆಕ್ಯಾನಿಕರ ಪಾಲಿಗೆ ಬಂದಿತ್ತು. ನಾನು ಸೇರುವ ಹೊತ್ತಿಗೆ ಅವರಿಗೆ ಐವತ್ತರ ಆಸುಪಾಸು. ಸಪೂರ ಆಳು. ಖಾಕಿ ಅಂಗಿ, ಬಿಳಿ ಪಂಚೆ. ಅಂಗಿಯ ಎರಡನೆಯ ಗುಂಡಿಗೆ ದಾರ ಕಟ್ಟಿ ಒಂದು ಪೆನ್ಸಿಲ್ಲು ನೇತುಹಾಕಿಕೊಳ್ಳುತ್ತಿದ್ದರು. ಸುಳ್ಯದಿಂದ ಆಚೆಯ ಒಂದು ಬೇಸಾಯದ ಮನೆಯವರು. ಆ ಮನೆಯಲ್ಲಿ ಗದ್ದೆ ಬಿಟ್ಟು ಬೇರೆ ಕೆಲಸಕ್ಕೆ ಹೋದವರಲ್ಲಿ ಅವರೇ ಮೊದಲಿಗರಂತೆ. ಪುತ್ತೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಬರುತ್ತಿದ್ದರು. ನನ್ನೊಡನೆ ಕನ್ನಡ, ನಮ್ಮ ಲೈನ್‌ಮನ್ ಬ್ಯಾರಿಯವರೊಡನೆ ತುಳು. ಬೋರ್ಡಿನ ಹಿಂದೆ ಕುಳಿತು ರಿಪೇರಿ ಮಾಡುವಾಗ ಯಂತ್ರದೊಡನೆ ಮಾತ್ರ ಅವರ ಮನೆಯ ಅರೆಭಾಷೆ. ಅದರಲ್ಲಿ ಬೈಗುಳವೂ ಇರುತ್ತಿತ್ತೆಂದು ನನ್ನ ಅನುಮಾನ.

ಅವರ ಜೀವ ಇದ್ದದ್ದು ಫಾಲ್ಟ್ ಬುಕ್ಕಿನಲ್ಲಿ. ಯಾವ ಲೈನು, ಎಷ್ಟು ಗಂಟೆಗೆ, ಏನು ಕೆಟ್ಟಿತು, ಯಾಕೆ ಕೆಟ್ಟಿತು, ಏನು ಮಾಡಿದೆವು ಎಂದು ಬರೆಯುವ ಉದ್ದನೆಯ ಪುಸ್ತಕ ಅದು. ಬೇರೆಯವರಾದರೆ ದಿನದ ಕೊನೆಗೆ ನೆನಪಿದ್ದಷ್ಟು ಬರೆದು ಸಹಿ ಹಾಕುತ್ತಿದ್ದರು. ಇವರು ಆಗಿಂದಾಗ ಬರೆಯುತ್ತಿದ್ದರು. ಕೊನೆಯ ಅಂಕಣದಲ್ಲಿ, ಯಾರೂ ಕೇಳದಿದ್ದರೂ, ಬಿಸಿಲೋ ಮಳೆಯೋ, ಗಾಳಿ ಯಾವ ಕಡೆಯಿಂದ, ಕಿವಿಗೆ ಯಾವ ಸದ್ದು ಕೇಳಿತು ಎಂಬುದೂ ಇರುತ್ತಿತ್ತು. "ಒಗ್ಗರಣೆಯ ಸದ್ದು" ಎಂದು ಕನ್ನಡದಲ್ಲಿ ಬರೆದದ್ದನ್ನು ನಾನೇ ಕಂಡಿದ್ದೇನೆ. ತಪಾಸಣೆಗೆ ಬಂದ ಇಂಜಿನಿಯರು, "ಇದೇನ್ರೀ, ಫಾಲ್ಟ್ ಬುಕ್ಕೋ ಪಂಚಾಂಗವೋ?" ಎಂದು ನಕ್ಕಿದ್ದರು. ಮೆಕ್ಯಾನಿಕರು ನಗಲಿಲ್ಲ. ತಿದ್ದಿಕೊಳ್ಳಲೂ ಇಲ್ಲ.

ಬುಕ್ಕಿನಲ್ಲಿ ನಾನು ಮೊದಲ ಸಲ ಬರೆದದ್ದು ಅವರಿಗೆ ಸರಿಕಾಣಲಿಲ್ಲ. ಒಂದು ಮುಚ್ಚಳ ಬಿದ್ದಿತ್ತು, ಕೇಳಿದರೆ ಆ ಮನೆಯವರು ಫೋನು ಮುಟ್ಟಿಯೇ ಇಲ್ಲ ಎಂದಿದ್ದರು. ನಾನು "ಕಾರಣ ಇಲ್ಲ" ಎಂದು ಬರೆದೆ.

"ಕಾರಣ ಇಲ್ಲ ಅಂತ ಬರೀಬೇಡಿ ಮಾರಾಯ್ರೆ," ಎಂದರು. "ಕಾರಣ ಗೊತ್ತಿಲ್ಲ ಅಂತ ಬರೀರಿ. ಎರಡೂ ಒಂದೇ ಅಲ್ಲ. ಮುಚ್ಚಳ ಸುಮ್ಮನೆ ಬೀಳುದಿಲ್ಲ."

ಆ ಬುಕ್ಕಿನ ಬಲದಿಂದ ಅವರು ಕುರ್ಚಿ ಬಿಟ್ಟೇಳದೆ ಒಂದು ಫಾಲ್ಟನ್ನು ಹಿಡಿದ ಕತೆ ನಮ್ಮಲ್ಲಿ ಬಹಳ ದಿನ ನಡೆದಿತ್ತು. ಒಂದು ಲೈನು ಆಗಾಗ ಕಡಿದುಹೋಗುತ್ತಿತ್ತು. ಲೈನ್‌ಮನ್ ಎರಡು ಸಲ ಕಂಬದಿಂದ ಕಂಬಕ್ಕೆ ನಡೆದು ನೋಡಿ ಬಂದರು. ಏನೂ ಕಾಣಲಿಲ್ಲ. ಮೆಕ್ಯಾನಿಕರು ಮೂರು ತಿಂಗಳ ಹಾಳೆಗಳನ್ನು ಮಗುಚಿ, ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟು, ಕೊನೆಗೆ ತಲೆ ಎತ್ತಿ, "ಸಂತೆಯ ದಿನ ಮಾತ್ರ ಹೋಗುದು. ಬೆಳಿಗ್ಗೆ ಹೋದದ್ದು ಸಂತೆ ಮುಗಿದ ಮೇಲೆ ಬರ್ತದೆ. ಬ್ಯಾರಿಗಳೇ, ನೀವು ನೋಡ್ಲಿಕ್ಕೆ ಹೋದದ್ದು ಸಂತೆ ಇಲ್ಲದ ದಿನ," ಎಂದರು. ಮುಂದಿನ ಸಂತೆಗೆ ಲೈನ್‌ಮನ್ ಹೋಗಿ ನೋಡಿದರೆ, ಬಟ್ಟೆ ಮಾರುವವನೊಬ್ಬ ತನ್ನ ಚಪ್ಪರದ ಹಗ್ಗವನ್ನು ಕಂಬದ ಆಧಾರದ ತಂತಿಗೆ ಬಿಗಿದು ಕಟ್ಟಿದ್ದ. ಕಂಬ ವಾಲಿದಾಗ ಮೇಲಿನ ಒಂದು ಗಂಟು ಬಿಡುತ್ತಿತ್ತು.

ಆ ದಿನ ಮೆಕ್ಯಾನಿಕರು ನಮಗೆಲ್ಲ ಚಹಾ ತರಿಸಿದರು. ಅವರು ಅಷ್ಟು ಖುಷಿಯಲ್ಲಿದ್ದುದನ್ನು ನಾನು ಮತ್ತೆ ಕಾಣಲಿಲ್ಲ.

ಮುಂದಿನ ವರ್ಷದ ಬೇಸಿಗೆಯಲ್ಲಿ ಸುಳ್ಯದ ಮುಚ್ಚಳ ಬೀಳತೊಡಗಿತು.

ಸುಳ್ಯದಲ್ಲಿ ಯಾರೂ ಹಿಡಿ ತಿರುಗಿಸಿರುತ್ತಿರಲಿಲ್ಲ. ಆದರೂ ಮುಚ್ಚಳ ಬೀಳುತ್ತಿತ್ತು, ಗಂಟೆ ಬಡಿಯುತ್ತಿತ್ತು. ನಾನು ತಂತಿ ಸಿಕ್ಕಿಸಿ, "ಹಲೋ ಸುಳ್ಯ?" ಎಂದರೆ ಆಚೆಯಿಂದ ಬರಿಯ ಚರಚರ. ಮುಚ್ಚಳ ಎತ್ತಿ ಕೂಡಿಸಿದರೆ ಎರಡು ನಿಮಿಷಕ್ಕೆ ಮತ್ತೆ ಟಪ್ಪೆನ್ನುತ್ತಿತ್ತು. ಬೆಳಿಗ್ಗೆ ಸುಮ್ಮನಿರುತ್ತಿತ್ತು. ಬಿಸಿಲು ಏರಿದ ಮೇಲೆ ಶುರುವಾಗಿ ಮೂರು ಗಂಟೆಯವರೆಗೆ ಇದೇ ಕಾಟ. ನಾನು ಪ್ರತಿಯೊಂದು ಸಲವೂ ಬರೆದೆ. ಮೆಕ್ಯಾನಿಕರು ಪ್ರತಿದಿನ ಸಂಜೆ ಅದನ್ನು ಓದಿ ಚುಕ್ಕೆ ಇಟ್ಟರು.

"ಲೈನ್‌ಮನ್ ಕಳಿಸಿ ನೋಡುವುದಲ್ಲವಾ?" ಎಂದು ನಾನು ಮೂರನೆಯ ದಿನ ಕೇಳಿದೆ.

"ಸುಮ್ಮನೆ ಅಷ್ಟುದ್ದ ಯಾಕೆ ನಡೆಸುದು ಅವರನ್ನು? ಇನ್ನೊಂದೆರಡು ದಿನದ್ದು ಸಿಗಲಿ. ಯಾವ ಕಂಬ ಅಂತ ಇಲ್ಲಿಂದಲೇ ಹೇಳ್ತೇನೆ."

ಹಾಗೆ ಎಂಟು ದಿನ ಕಳೆಯಿತು.

ಒಂಬತ್ತನೆಯ ದಿನ ನನ್ನ ಜೊತೆಯ ಆಪರೇಟರ್ ರಜೆಯಲ್ಲಿದ್ದರು. ಮೆಕ್ಯಾನಿಕರು ಊಟಕ್ಕೆ ಹೋಗಿದ್ದರು. ಮಂಡಿಯಲ್ಲಿ ಅಡಿಕೆಯ ಧಾರಣೆ ಏರಿದ ದಿನವೋ ಏನೋ, ಬೋರ್ಡಿನ ಅರ್ಧದಷ್ಟು ಮುಚ್ಚಳಗಳು ಒಟ್ಟಿಗೆ ಬೀಳುತ್ತಿದ್ದವು. ಅವುಗಳ ನಡುವೆ ಸುಳ್ಯದ್ದು, ಎತ್ತಿದಂತೆಲ್ಲ ಬೀಳುತ್ತಿತ್ತು. ನನ್ನ ಚೀಲದಲ್ಲಿ ಬೆಳಗಿನ ಬಸ್ಸಿನ ಟಿಕೆಟು ಇತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಸುಳ್ಯದ ಮುಚ್ಚಳದ ಸಂದಿಗೆ ತುರುಕಿದೆ. ಮುಚ್ಚಳ ನಿಂತಿತು. ಗಂಟೆಯೂ ನಿಂತಿತು. ಐದು ನಿಮಿಷ ಬಿಟ್ಟು ತೆಗೆಯೋಣವೆಂದುಕೊಂಡಿದ್ದೆ. ಆಮೇಲೆ ಮರೆತೆ.

ಆಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಒಂದೂವರೆಗೆ ಮೆಕ್ಯಾನಿಕರು ಬಂದರು. ಒಳಗೆ ಕಾಲಿಟ್ಟವರು ಅಲ್ಲೇ ನಿಂತು, "ಸುಳ್ಯ ಎಂತ ಸುಮ್ಮನಿದೆ?" ಎಂದರು. ಬೋರ್ಡಿನ ಹತ್ತಿರ ಬಂದು, ಕಾಗದವನ್ನು ಎರಡು ಬೆರಳಿನಿಂದ ಎಳೆದು ತೆಗೆದರು. ಮುಚ್ಚಳ ಅದೇ ಕ್ಷಣ ಬಿತ್ತು. ನಾನು ತಂತಿ ಸಿಕ್ಕಿಸಿದೆ.

"ಎಂತ ಮಾರಾಯ್ರೆ, ನೀವು ಬದುಕಿದ್ದೀರಾ?" ಸುಳ್ಯದ ಪೋಸ್ಟ್ ಮಾಸ್ತರರು ಕೂಗುತ್ತಿದ್ದರು. "ಅರ್ಧ ಗಂಟೆಯಿಂದ ತಿರುಗಿಸ್ತಾ ಇದ್ದೇನೆ, ಕೈ ಸೋತುಹೋಯ್ತು. ಇಲ್ಲಿ ಒಬ್ಬನ ಕಾಲು ಹೋಗಿದೆ. ಆಪರೇಷನ್ ಡಾಕ್ಟ್ರು ಪುತ್ತೂರಲ್ಲಿ ಇದ್ದಾರಾ ಕೇಳಿ, ಬೇಗ!"

ಡಾಕ್ಟರು ಇದ್ದರು. ಎರಡೇ ನಿಮಿಷದಲ್ಲಿ ಉತ್ತರ ಹೋಯಿತು.

ಆದದ್ದು ಇದು. ಕೊಲ್ಲಮೊಗ್ರಿನ ಕಡೆ ಕಾಡಿನ ಅಂಚಿನಲ್ಲಿ ಲಾರಿಗೆ ಮರ ತುಂಬುವಾಗ ಒಂದು ದಿಮ್ಮಿ ಜಾರಿ ಕೆಲಸದವನೊಬ್ಬನ ಬಲಗಾಲಿನ ಮೇಲೆ ಉರುಳಿತ್ತು. ಪೆರಾಬೆಯ ಕಡೆಯವನು, ಇಪ್ಪತ್ತೈದರ ಆಸುಪಾಸಿನವನು. ರಕ್ತ ನಿಲ್ಲಲೆಂದು ಜೊತೆಯವರು ಹೆಗಲ ಮೇಲಿನ ಬೈರಾಸನ್ನು ತೊಡೆಗೆ ಬಿಗಿದು, ಅದೇ ಲಾರಿಯಲ್ಲಿ ಸುಳ್ಯಕ್ಕೆ ತಂದಿದ್ದರು. ಅಲ್ಲಿಂದ ಒಂದು ದಾರಿ ಪುತ್ತೂರಿಗೆ, ಇನ್ನೊಂದು ಘಟ್ಟ ಹತ್ತಿ ಮಡಿಕೇರಿಗೆ. ಶಸ್ತ್ರಚಿಕಿತ್ಸೆಯ ಡಾಕ್ಟರು ಆ ವಾರ ಪುತ್ತೂರಿನಲ್ಲಿ ಇಲ್ಲವೆಂದು ಯಾರೋ ಹೇಳಿದ್ದರು. ಪೋಸ್ಟ್ ಆಫೀಸಿನ ಎದುರು ಲಾರಿ ನಿಲ್ಲಿಸಿಕೊಂಡು, ಎತ್ತ ತಿರುಗುವುದೆಂದು ತಿಳಿಯದೆ, ಅವರು ನಮ್ಮ ಉತ್ತರಕ್ಕಾಗಿ ಕಾದಿದ್ದರು.

ಸಂಜೆ ಮೆಕ್ಯಾನಿಕರು ಆಸ್ಪತ್ರೆಗೆ ಹೋಗಿ ಬಂದರು. ಕಾಲನ್ನು ತೊಡೆಯವರೆಗೆ ತೆಗೆದಿದ್ದರು.

"ಬೇಗ ಬಂದಿದ್ದರೆ ಉಳೀತಿತ್ತಾ?" ಎಂದು ಕೇಳಿದೆ.

"ಡಾಕ್ಟ್ರನ್ನು ಅದನ್ನೇ ಕೇಳಿದೆ. ಕಟ್ಟು ಅಷ್ಟು ಹೊತ್ತು ಇರಬಾರದಿತ್ತಂತೆ. ಬೇಗ ಬಂದಿದ್ದರೆ ಮೊಣಕಾಲಾದರೂ ಉಳೀತಿತ್ತೋ ಏನೋ, ಹೇಳ್ಲಿಕ್ಕೆ ಆಗುದಿಲ್ಲ ಅಂದ್ರು."

ಅವರು ಬುಕ್ಕು ತೆಗೆದು ಮುಂದಿಟ್ಟುಕೊಂಡರು. ನಾನು ಅವರ ಎದುರು ನಿಂತೆ. ನನ್ನ ಕಾಯಂ ಆದೇಶ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. ಇದೆಲ್ಲ ಅವರಿಗೆ ಗೊತ್ತಿತ್ತು. ಆದರೂ ಹೇಳಿದೆ. ಲೈನೇ ಕೆಟ್ಟಿತ್ತಲ್ಲ, ಹಾಗೆಂದು ಬರೆದರೆ ಸುಳ್ಳಾಗುವುದಿಲ್ಲವಲ್ಲ ಎಂದೂ ಹೇಳಿದೆ.

"ಕಾಗದ ಇಟ್ಟದ್ದು ಸುಳ್ಳಾ?" ಎಂದರು.

"ಅಲ್ಲ."

"ಮತ್ತೆ?"

ಅವರ ಬರಹ ಸಣ್ಣದು, ಗುಂಡಗಿನದು. ನನ್ನ ಎದುರೇ ಬರೆದರು. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಸುಳ್ಯದ ಮುಚ್ಚಳಕ್ಕೆ ಆಪರೇಟರ್ ಕಾಗದ ಇಟ್ಟಿದ್ದರು, ಆ ಹೊತ್ತಿನಲ್ಲಿ ಬಂದ ತುರ್ತು ಕರೆ ತಿಳಿಯಲಿಲ್ಲ ಎಂದು. ನಾನು ಅಳುತ್ತಾ ಚೀಲ ಎತ್ತಿಕೊಂಡೆ. ಅವರು ಬರೆಯುವುದನ್ನು ನಿಲ್ಲಿಸಿರಲಿಲ್ಲ. ಅದರ ಕೆಳಗಿನ ಸಾಲನ್ನು ನಾನು ಓದಿದ್ದು ಮರುದಿನ: "ಈ ಲೈನಿನ ದೋಷ ಒಂಬತ್ತು ದಿನದಿಂದ ನನಗೆ ಗೊತ್ತಿತ್ತು. ಲೈನ್‌ಮನ್‌ರನ್ನು ಕಳುಹಿಸಲಿಲ್ಲ. ಪುಸ್ತಕದಿಂದಲೇ ಸ್ಥಳ ಕಂಡುಹಿಡಿಯಬಹುದೆಂದು ಕಾದೆ. ತಪ್ಪು ನನ್ನದು." ಕೆಳಗೆ ಸಹಿ.

ಮರುದಿನ ಬೆಳಿಗ್ಗೆ ಹೋದ ಲೈನ್‌ಮನ್ ಮಧ್ಯಾಹ್ನದೊಳಗೆ ಜಾಗ ಕಂಡುಹಿಡಿದರು. ಒಂದು ಕಂಬದಲ್ಲಿ ಕಟ್ಟು ಸಡಿಲವಾಗಿ, ಬಿಸಿಲಿಗೆ ತಂತಿ ಜೋತುಬಿದ್ದು, ಗಾಳಿಗೆ ಪಕ್ಕದ ಟೆಲಿಗ್ರಾಫ್ ತಂತಿಗೆ ತಾಗುತ್ತಿತ್ತು. ಬಿಗಿಯಲು ಹತ್ತು ನಿಮಿಷ ಸಾಕಾಯಿತಂತೆ. ಇದನ್ನು ಕೇಳಿದ ಮೆಕ್ಯಾನಿಕರು ಅಂದು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ.

ವಿಚಾರಣೆಗೆ ಇಂಜಿನಿಯರು ಬಂದರು. ಕೆಟ್ಟ ಮನುಷ್ಯರಲ್ಲ. ಪುಟವನ್ನು ಎರಡು ಸಲ ಓದಿ, "ಈ ಎರಡನೇ ಸಾಲು ಯಾಕೆ ಬರೆದಿರಿ? ಯಾರೂ ನಿಮ್ಮನ್ನು ಕೇಳಿರಲಿಲ್ಲವಲ್ಲ," ಎಂದರು. ಇಂಜಿನಿಯರು ಸ್ವರ ತಗ್ಗಿಸಿ, "ಒಂದು ಹಾಳೆಯ ಮಾತು. ಹೊಸದಾಗಿ ಬರೆದರೆ ಇಬ್ಬರಿಗೂ ಒಳ್ಳೆಯದು," ಎಂದರು.

"ಹಾಳೆಗೆ ನಂಬರು ಉಂಟು ಸರ್," ಎಂದರು ಮೆಕ್ಯಾನಿಕರು.

ನನಗೆ ಎಚ್ಚರಿಕೆಯ ಪತ್ರ ಬಂತು, ಕಾಯಂ ಆದೇಶ ಒಂದು ವರ್ಷ ತಡವಾಯಿತು. ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಆಮೇಲೂ ಬರಲಿಲ್ಲ. ಪತ್ರ ಕೈಗೆ ಬಂದ ದಿನವೇ ನಾನು ರಾಜೀನಾಮೆ ಬರೆದು ಅವರ ಮೇಜಿನ ಮೇಲಿಟ್ಟೆ. ಅವರ ಮೇಲಿನ ಸಿಟ್ಟು ಎಷ್ಟು, ನನ್ನ ಮೇಲಿನದು ಎಷ್ಟು ಎಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಅವರು ಓದಿ, ಮಡಿಚಿ, ನನಗೇ ಹಿಂದೆ ಕೊಟ್ಟರು.

"ನೀವು ಹೋದರೆ ಈ ಕುರ್ಚಿಗೆ ಹೊಸಬರು ಬರ್ತಾರೆ," ಎಂದರು. "ಅವರೂ ಒಂದು ದಿನ ಕಾಗದ ಇಡ್ತಾರೆ. ನೀವು ಇನ್ನು ಇಡುದಿಲ್ಲ."

ಅದು ಸಮಾಧಾನದ ಮಾತಾಗಿರಲಿಲ್ಲ. ಲೆಕ್ಕಾಚಾರದಂತೆ ಹೇಳಿದರು. ನಾನು ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಬೋರ್ಡಿನ ಎದುರು ಕುಳಿತೆ. ಆದರೆ ಎರಡು ತಿಂಗಳು ಅವರೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಒಂದು ಶನಿವಾರ ಅವರೇ ಬಂದು, "ನಾಳೆ ಪೆರಾಬೆಗೆ ಹೋಗ್ತೇನೆ, ಆ ಹುಡುಗನ ಮನೆಗೆ. ಅವರಿಗೆ ವಿಷಯ ಗೊತ್ತಿಲ್ಲ. ಲೈನು ಕೆಟ್ಟಿತ್ತು ಅಂತ ಮಾತ್ರ ಗೊತ್ತು. ನೀವು ಬರುದಾದರೆ ಬನ್ನಿ. ಬರದಿದ್ದರೂ ನಾನು ಹೋಗುದೇ," ಎಂದರು.

ಬರುವುದಿಲ್ಲ ಎಂದು ಹೇಳಿದೆ. ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋದೆ.

ಬಸ್ಸಿಳಿದು ಅರ್ಧ ಮೈಲಿ ನಡೆಯಬೇಕಿತ್ತು. ಜಗಲಿಯಲ್ಲಿ ಕುಳಿತು ಅವನು ಗರಗಸಕ್ಕೆ ಅರ ಹಾಕುತ್ತಿದ್ದ. ಕಾಲು ಹೋದ ಮೇಲೆ ಅಕ್ಕಪಕ್ಕದವರ ಕತ್ತಿ, ಗರಗಸ ಹರಿತ ಮಾಡಿಕೊಡುವ ಕೆಲಸ ಹಿಡಿದಿದ್ದನಂತೆ. ಮನೆಯಲ್ಲಿ ಅವನೂ ಅವನ ಅಕ್ಕನೂ ಮಾತ್ರ. ಅಕ್ಕ ಗಂಡ ತೀರಿಹೋದವರು, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಯಾರು ಎಂದು ಕೇಳುವ ಮೊದಲೇ ಬೆಲ್ಲ, ನೀರು ತಂದಿಟ್ಟರು. ಮೆಕ್ಯಾನಿಕರು ಕುಡಿಯಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಎಲ್ಲಿಯೂ ನನ್ನ ಹೆಸರು ಹೇಳಲಿಲ್ಲ, 'ನಮ್ಮ ಕಡೆಯಿಂದ' ಎಂದಷ್ಟೇ ಹೇಳುತ್ತಾ ಹೋದರು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಕಾಗದ ಇಟ್ಟದ್ದು ನಾನು," ಎಂದೆ.

ಅವನು ಗರಗಸವನ್ನು ಪಕ್ಕಕ್ಕಿಟ್ಟ. ನನ್ನನ್ನೇ ನೋಡಿ, "ಎಷ್ಟು ದೊಡ್ಡ ಕಾಗದ?" ಎಂದು ಕೇಳಿದ.

ನಾನು ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆಣ್ಣಿಗೆ ಇಟ್ಟು ತೋರಿಸಿದೆ. "ಬಸ್ಸಿನ ಟಿಕೆಟು. ಮಡಿಚಿದ್ದು."

"ಅಷ್ಟೇಯಾ?" ಎಂದ. ಮತ್ತೆ ಗರಗಸ ಎತ್ತಿಕೊಂಡ.

ಆಮೇಲೆ ಮಾತಾಡಿದ್ದು ಅಕ್ಕ. ಸ್ವರ ಏರಿಸಲಿಲ್ಲ. "ಇಷ್ಟು ದಿನ ಮರ ಜಾರಿದ್ದು ಅಂತ ಇದ್ದೆವು," ಎಂದರು. "ಮರಕ್ಕೆ ಬೈದರೆ ಆಗ್ತಿತ್ತು. ಈಗ ನೀವು ಬಂದು ಹೀಗೆ ಹೇಳಿದ್ರಿ. ಇದನ್ನು ಇಟ್ಟುಕೊಂಡು ನಾವು ಎಂತ ಮಾಡುದು?"

"ನನಗೆ ಬೈಯಿರಿ," ಎಂದರು ಮೆಕ್ಯಾನಿಕರು.

"ಮನೆಗೆ ಬಂದವರಿಗೆ ಬೈಲಿಕ್ಕೆ ನನಗೆ ಬರುದಿಲ್ಲ. ನೀವು ಹೋಗಿ."

ನಾವು ಅಂಗಳ ಇಳಿದೆವು. ತಂಬಿಗೆಯ ನೀರು ಇಟ್ಟಲ್ಲೇ ಇತ್ತು. ಬಸ್ಸಿಗೆ ಕಾಯುತ್ತಾ ನಿಂತಾಗ ಮೆಕ್ಯಾನಿಕರು, "ಅವರು ಹೇಳಿದ್ದು ಸರಿ. ನಾವು ಬಂದದ್ದು ನಮಗೋಸ್ಕರ," ಎಂದರು.

"ಹಾಗಾದರೆ ಬರಬಾರದಿತ್ತಾ?"

"ಬಾರದಿದ್ದರೂ ತಪ್ಪೇ," ಎಂದರು. ಬಸ್ಸು ಬಂತು. ನನಗೆ ಸೀಟು ಕೊಟ್ಟು ಅವರು ಪುತ್ತೂರಿನವರೆಗೂ ನಿಂತೇ ಬಂದರು.

ಆಮೇಲೆ ಅವರಲ್ಲಿ ಒಂದು ಬದಲಾವಣೆಯಾಯಿತು. ಬುಕ್ಕು ಬರೆಯುವುದನ್ನು ಬಿಡಲಿಲ್ಲ, ಬಿಸಿಲು ಗಾಳಿಗಳನ್ನೂ ಬಿಡಲಿಲ್ಲ. ಆದರೆ ಯಾವ ಲೈನಿನಲ್ಲಿ ಎರಡು ಸಲ ಸದ್ದು ಕೆಟ್ಟರೂ ಅಂದೇ ಲೈನ್‌ಮನ್‌ರನ್ನು ಅಟ್ಟುತ್ತಿದ್ದರು. "ಮೊದಲು ಹೋಗಿ ನೋಡಿ. ಮತ್ತೆ ಕೂತು ಓದುವ," ಎನ್ನುತ್ತಿದ್ದರು. ಲೈನ್‌ಮನ್ ಬ್ಯಾರಿಯವರು, "ಇವರ ಬುಕ್ಕು ಓದುವ ಚಟ ಬಿಟ್ಟದ್ದೂ ನನ್ನ ಕಾಲಿಗೇ ಬಂತು" ಎಂದು ಗೊಣಗುತ್ತಿದ್ದರು. ಗೊಣಗಿದರೂ ಛತ್ರಿ ಹಿಡಿದು ಹೊರಡುತ್ತಿದ್ದರು.

ಮೆಕ್ಯಾನಿಕರು ಬರೆಯುತ್ತಿದ್ದ ಇನ್ನೊಂದು ಸಂಗತಿ ಮಾತ್ರ ನನಗೆ ಗೊತ್ತಿರಲಿಲ್ಲ. ಪೆರಾಬೆಯ ಹತ್ತಿರದ ಕಡಬಕ್ಕೆ ಸಾರ್ವಜನಿಕ ಟೆಲಿಫೋನು ಬರಲಿದೆಯೆಂಬ ಸುದ್ದಿ ಆಗ ಇತ್ತು. ಅದನ್ನು ನೋಡಿಕೊಳ್ಳಲು ಓದು ಬರಹ ಬರುವ ಒಬ್ಬ ಸ್ಥಳೀಯ ಬೇಕಾಗಿತ್ತು. ಪೆರಾಬೆಯ ಆ ಯುವಕ ಎಂಟನೆಯ ತರಗತಿಯವರೆಗೆ ಓದಿದ್ದ. ಮೆಕ್ಯಾನಿಕರು ಅವನ ಕೈಯಿಂದ ಅರ್ಜಿ ಹಾಕಿಸಿದರು. ಅದು ಹಿಂದೆ ಬಂತು. ಎರಡನೆಯದೂ ಬಂತು. ಮೂರನೆಯದನ್ನು ತಾವೇ ಹಿಡಿದುಕೊಂಡು ಮಂಗಳೂರಿಗೆ ಹೋದರಂತೆ. ತಮ್ಮ ಬಡ್ತಿಯ ವಿಷಯಕ್ಕೆ ಒಮ್ಮೆಯೂ ಮಂಗಳೂರಿನ ಬಸ್ಸು ಹತ್ತಿದವರಲ್ಲ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಕಡಬದ ಲೈನು ಶುರುವಾದ ದಿನ ಹೊಸ ಮುಚ್ಚಳವೊಂದು ಬಿತ್ತು. ನಾನು ತಂತಿ ಸಿಕ್ಕಿಸಿದೆ.

"ಹಲೋ ಪುತ್ತೂರು. ಇದು ಕಡಬ. ಕೇಳ್ತದಾ?"

ಎರಡೇ ಮಾತು ಕೇಳಿದ್ದ ಸ್ವರ ಅದು. ಆದರೂ ಗುರುತು ಸಿಕ್ಕಿತು. ಹಿಂದೆ ತಿರುಗಿದರೆ ಮೆಕ್ಯಾನಿಕರು ಮೇಜಿನ ಬಳಿ ಬಗ್ಗಿ ಬುಕ್ಕಿನ ಹಾಳೆ ಮಗುಚುತ್ತಿದ್ದರು. ಓದುತ್ತಿರಲಿಲ್ಲ, ಬರಿದೇ ಮಗುಚುತ್ತಿದ್ದರು.

"ಕೇಳ್ತದೆ ಕಡಬ," ಎಂದೆ. "ಸ್ಪಷ್ಟ ಕೇಳ್ತದೆ."

ಅಂದಿನಿಂದ ದಿನಕ್ಕೆ ಹತ್ತಿಪ್ಪತ್ತು ಸಲ ಆ ಸ್ವರ ನನ್ನ ಕಿವಿಯಲ್ಲಿತ್ತು. ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ. ಪೆರಾಬೆಯ ಆ ಬೆಳಗಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊದಲ ಕೆಲವು ತಿಂಗಳು ಕಡಬದ ಮುಚ್ಚಳ ಬಿದ್ದರೆ ಉಳಿದವನ್ನು ಬಿಟ್ಟು ಮೊದಲು ಅದಕ್ಕೇ ತಂತಿ ಸಿಕ್ಕಿಸುತ್ತಿದ್ದೆ. ಆಮೇಲೆ ಆ ಸ್ವರಕ್ಕೆ ಅಭ್ಯಾಸವಾಯಿತು. ಕೆಲಸದಲ್ಲಿ ಅವನು ಬಹಳ ಚುರುಕು. "ಅಕ್ಕ, ನಿನ್ನೆಯಿಂದ ಮಧ್ಯಾಹ್ನ ಒಮ್ಮೆ ಸ್ವರ ಕಮ್ಮಿ ಆಗ್ತದೆ. ಬರ್ಕೊಳ್ಳಿ, ಮೆಕ್ಯಾನಿಕರಿಗೆ ಹೇಳಿ," ಎಂದು ಅವನೇ ಮೊದಲು ತಿಳಿಸುತ್ತಿದ್ದ. ಮೆಕ್ಯಾನಿಕರೂ ಅವನೂ ಲೈನು ಪರೀಕ್ಷಿಸುವ ನೆಪದಲ್ಲಿ ಕೆಲವೊಮ್ಮೆ ಎರಡು ನಿಮಿಷ ಹೆಚ್ಚು ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೆಂದು ನನಗೆ ಗೊತ್ತಿಲ್ಲ. ಬೇರೆಯವರ ಮಾತು ಕೇಳಬಾರದೆಂಬ ನಿಯಮವನ್ನು ಆ ಒಂದು ಲೈನಿನಲ್ಲಾದರೂ ನಾನು ಪೂರ್ತಿ ಪಾಲಿಸಿದ್ದೇನೆ.

ನಿವೃತ್ತಿಗೆ ಕೆಲವೇ ತಿಂಗಳು ಇರುವಾಗ ಮೆಕ್ಯಾನಿಕರು ರಜೆಯಲ್ಲಿ ಊರಿಗೆ ಹೋದರು. ಜ್ವರ ಎಂದರು. ಮೂರನೆಯ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸುಳ್ಯದ ಪೋಸ್ಟ್ ಮಾಸ್ತರರು ಲೈನಿಗೆ ಬಂದರು. ಎಂದಿನ ಹಾಗೆ ಕೂಗಲಿಲ್ಲ. ಅದರಿಂದಲೇ ನನಗೆ ಅರ್ಧ ತಿಳಿಯಿತು. ಮೆಕ್ಯಾನಿಕರು ತೀರಿಕೊಂಡಿದ್ದರು.

ಹೇಳಬೇಕಾದವರಿಗೆಲ್ಲ ನಾನೇ ಹೇಳಿದೆ. ಇಂಜಿನಿಯರ ಕಚೇರಿಗೆ, ಬಾಡಿಗೆ ಕೋಣೆಯ ಯಜಮಾನರಿಗೆ. ಕಡಬವನ್ನು ಕೊನೆಗೆ ಇಟ್ಟುಕೊಂಡೆ. ಅವನಿಗೂ ಸುದ್ದಿ ಹೇಳಿದೆ. ಲೈನು ಕಡಿಯಿತೇನೋ ಎಂದು ನಾನು, "ಕಡಬ? ಕಡಬ?" ಎಂದೆ.

"ಇದ್ದೇನೆ ಅಕ್ಕ," ಎಂದ. "ಅವರ ಮನೆಗೆ ಎಲ್ಲಿ ಇಳಿಯುದು?"

ನಾನು ಅವರ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಲೈನ್‌ಮನ್ ಬ್ಯಾರಿಯವರು ಅಂಗಳದ ಬದಿಯಲ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಮೆಕ್ಯಾನಿಕರ ಹೆಂಡತಿಯನ್ನು ನಾನು ನೋಡಿದ್ದು ಅಂದೇ ಮೊದಲು. ನಾನು ಯಾರೆಂದು ಹೇಳಿದಾಗ ಅವರು, "ಬೋರ್ಡಿನಲ್ಲಿ ಒಳ್ಳೆ ಕೈ ಅಂತ ಹೇಳ್ತಿದ್ರು," ಎಂದರು. ಬೇರೇನಾದರೂ ಹೇಳಿದ್ದರೇ ಎಂದು ಅವರ ಮುಖ ನೋಡಿದೆ. ಕಾಗದದ ಮಾತನ್ನು ಮೆಕ್ಯಾನಿಕರು ಮನೆಯವರೆಗೆ ತಂದೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಕಂಕುಳಿಗೆ ಕೋಲು ಕೊಟ್ಟುಕೊಂಡು ಅವನು ತೋಡಿನ ಬದಿಯಿಂದ ಬರುವುದು ಕಂಡಿತು. ಅವನ ಹಿಂದೆ ಅವನ ಅಕ್ಕ. ಎರಡು ಬಸ್ಸು ಬದಲಿಸಿ ಬಂದಿದ್ದರು. ಬಾಗಿಲಲ್ಲಿದ್ದ ಯಾರೋ, "ಎಲ್ಲಿಯವರು?" ಎಂದು ಕೇಳಿದ್ದಕ್ಕೆ ಅವನು, "ಕಡಬ," ಎಂದಷ್ಟೇ ಹೇಳಿದ. ಒಳಗೆ ಹೋಗಿ, ಕೋಲನ್ನು ಗೋಡೆಗೆ ಒರಗಿಸಿ, ನೆಲಕ್ಕೆ ಕುಳಿತು, ಅವರ ಪಾದ ಮುಟ್ಟಿದ. ಏಳಲು ಲೈನ್‌ಮನ್ ಕೈ ಕೊಟ್ಟರು.

ಅವನ ಅಕ್ಕ ಬಂದು ನನ್ನ ಪಕ್ಕದಲ್ಲಿ ನಿಂತರು. ಪೆರಾಬೆಯಲ್ಲಿ ನಮ್ಮನ್ನು ಹೋಗಿ ಎಂದವರು. ಆಮೇಲೆ ನಾನು ಅವರನ್ನು ನೋಡಿರಲಿಲ್ಲ. ಅವರೇ ಕೇಳಿದರು.

"ನೀವು ಈಗಲೂ ಆ ಬೋರ್ಡಿನಲ್ಲೇ ಇದ್ದೀರಾ?"

"ಇದ್ದೇನೆ," ಎಂದೆ.

ಅವರು ನನ್ನನ್ನು ಒಮ್ಮೆ ನೋಡಿ, ಸೆರಗು ಸರಿಪಡಿಸಿಕೊಂಡರು.

"ಇರಿ," ಎಂದರು.

ನಾನು ಇದ್ದೆ. ಬೋರ್ಡು ಹೋಗಿ ತನ್ನಷ್ಟಕ್ಕೆ ಕರೆ ಸೇರಿಸುವ ಯಂತ್ರ ಬರುವವರೆಗೂ, ಅದರ ನಂತರವೂ, ನಿವೃತ್ತಿಯ ದಿನದವರೆಗೆ ಅದೇ ಕೆಲಸದಲ್ಲಿದ್ದೆ. ಇಬ್ಬರು ತಮ್ಮಂದಿರೂ ಓದಿದರು. ಮೆಕ್ಯಾನಿಕರು ಅಂದು ನನ್ನ ರಾಜೀನಾಮೆಯ ಪತ್ರವನ್ನು ಮೇಲಕ್ಕೆ ಕಳುಹಿಸಿದ್ದರೆ ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ನಾನೂ ಎನ್ನುತ್ತಿರಲಿಲ್ಲ.